ಒಬ್ಬರೇ ಒತ್ತುವ ಸೇಮಿಗೆ ಮಣೆ

ನಮ್ಮ ಮನೆಯಲ್ಲಿ ಯಾವ ಸಾಮಾನೂ ಅಂಗಡಿಯಿಂದ ಬಂದ ರೂಪದಲ್ಲಿ ಉಳಿಯುತ್ತಿರಲಿಲ್ಲ. ಸೌಟು ತಂದರೆ ವಾರದೊಳಗೆ ಅದರ ಹಿಡಿ ಬಾಗಿರುತ್ತಿತ್ತು, ಮುಚ್ಚಳ ತಂದರೆ ಅದಕ್ಕೊಂದು ತೂತು ಬಿದ್ದಿರುತ್ತಿತ್ತು. ಇದನ್ನೆಲ್ಲ ಮಾಡುತ್ತಿದ್ದವ ನನ್ನ ಅಪ್ಪ. ಆಲಂಕಾರು ಪೇಟೆಯಲ್ಲಿ ನಮ್ಮದೊಂದು ಸಣ್ಣ ಹೋಟೆಲಿತ್ತು. ರಸ್ತೆಗೆ ಮುಖ ಮಾಡಿದ ಕೋಣೆಯೇ ಹೋಟೆಲು, ಅದರ ಹಿಂದೆ ಒಂದು ಹಲಗೆಯ ಅಡ್ಡಗೋಡೆ, ಅದರಾಚೆ ಅಡಿಗೆಮನೆ, ಅಡಿಗೆಮನೆಯ ಹಿಂದೆ ನಾವೆಲ್ಲ ಮಲಗುವ ಕೋಣೆ, ಬದಿಯಲ್ಲಿ ತಗಡಿನ ಮಾಡಿನ ಶೆಡ್ಡು. ಅಪ್ಪ ಕೂರುತ್ತಿದ್ದದ್ದು ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆಯಾದರೂ ಬದುಕುತ್ತಿದ್ದದ್ದು ಆ ಶೆಡ್ಡಿನಲ್ಲಿ. ಉಳಿ, ಗರಗಸ, ತಂತಿಯ ಸುರುಳಿ, ಹಳೆಯ ಸೈಕಲ್ಲಿನ ಎಲುಬುಗಳು ಅಲ್ಲಿ ಬಿದ್ದಿರುತ್ತಿದ್ದವು. ಒಂದು ವಸ್ತು ಜನರಿಗೆ ಕಷ್ಟ ಕೊಡುತ್ತಿದೆ ಎಂದು ಅವನಿಗೆ ಕಂಡರೆ ಸಾಕು, ಗಿರಾಕಿಯ ಚಹಾ ಅರ್ಧಕ್ಕೆ ಬಿಟ್ಟು ಎದ್ದು ಹೋಗುತ್ತಿದ್ದ. ಹೋಟೆಲಿನ ಬೆಂಚಿಗೆ ಒರಗಲು ಜಾಗವಿಲ್ಲ, ಹೊರೆ ಹೊತ್ತು ಬಂದವರ ಬೆನ್ನು ನೋಯುತ್ತದೆ ಎಂದು ಒಮ್ಮೆ ಬೆಂಚಿಗೆ ಇಳಿಜಾರಾದ ಬೆನ್ನು ಕೂಡಿಸಿದ. ಮರುದಿನದಿಂದ ಬಂದವರು ಏಳಲೇ ಇಲ್ಲ. ಪೇಟೆಯ ಕಟ್ಟಿಗೆ ವ್ಯಾಪಾರಿ ಹುಕ್ರಪ್ಪಣ್ಣ ಬೆಳಗಿನ ಚಹಾಕ್ಕೆ ಕೂತವ ಮಧ್ಯಾಹ್ನದ ಗಂಜಿಯ ಹೊತ್ತಿಗೂ ಅಲ್ಲೇ ಗೊರಕೆ ಹೊಡೆಯುತ್ತಿದ್ದ. ಅಮ್ಮ ಒಳಗಿನಿಂದಲೇ ಕೇಳಿದಳು:

"ನೀವು ಹೋಟೆಲಿಗೆ ಬೆಂಚು ಮಾಡಿದ್ದಾ, ಬಾಣಂತಿಗೆ ಮಂಚ ಮಾಡಿದ್ದಾ?"

ಅಪ್ಪ ಮಾಡಿದ್ದನ್ನೆಲ್ಲ ಮೊದಲು ನಮ್ಮ ಮೇಲೆ ಪರೀಕ್ಷೆ ಮಾಡುತ್ತಿದ್ದ. ಊಟಕ್ಕೆ ಕೂತರೆ ಹೊಸ ಸೌಟು, ಸ್ನಾನಕ್ಕೆ ಹೋದರೆ ಹೊಸ ಚೆಂಬು. ಕೈಯಲ್ಲಿ ಹಿಡಿದು ಮುಗಿಯುವ ಮೊದಲೇ "ಹೇಗುಂಟು?" ಎಂದು ಕೇಳುತ್ತಿದ್ದ. ಚೆನ್ನಾಗಿಲ್ಲ ಎಂದರೆ ಅನ್ನದ ಮುಂದೆ ಮುಖ ಊದಿಸುತ್ತಿದ್ದ. ಚೆನ್ನಾಗಿದೆ ಎಂದರೆ ಯಾಕೆ ಚೆನ್ನಾಗಿದೆ ಎಂದು ಕೇಳಿ ಊಟ ತಣ್ಣಗಾಗುವಷ್ಟು ಹೊತ್ತು ಕಾಯಿಸುತ್ತಿದ್ದ. ಒಂದು ಲೋಟವನ್ನಾದರೂ ಸುಮ್ಮನೆ ಎತ್ತಿ ನೀರು ಕುಡಿಯುವ ಸುಖ ಆ ಮನೆಯಲ್ಲಿ ನಮಗಿರಲಿಲ್ಲ. ಈಗ ನನ್ನ ಸೊಸೆ ನನ್ನ ಬಗ್ಗೆ ಇದೇ ದೂರು ಹೇಳುತ್ತಾಳೆ.

ನಮ್ಮ ಹೋಟೆಲಿಗೆ ಹೆಸರು ತಂದದ್ದು ಬೆಳಗಿನ ಸೇಮಿಗೆ. ಸೇಮಿಗೆ ಎಂದರೆ ಅಂಗಡಿಯಲ್ಲಿ ಸಿಗುವ ಒಣ ಶ್ಯಾವಿಗೆಯಲ್ಲ. ನೆನೆಸಿದ ಅಕ್ಕಿಯನ್ನು ತೆಂಗಿನಕಾಯಿ ಹಾಕಿ ರುಬ್ಬಿ, ಒಲೆಯ ಮೇಲೆ ಮಗುಚಿ ಗಟ್ಟಿ ಮಾಡಿ, ಉಂಡೆ ಕಟ್ಟಿ, ತೊಂದೂರೆಂಬ ಹಬೆಪಾತ್ರೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಮಣೆಯಲ್ಲಿ ಒತ್ತಿ ತೆಗೆಯುವ ಎಳೆಗಳು ಅವು. ಉಂಡೆ ತಣಿದರೆ ಕೆಲಸ ಕೆಟ್ಟಿತು. ತಿರುಪು ಮುಂದೆ ಹೋಗುವುದಿಲ್ಲ, ಎಳೆ ತುಂಡಾಗುತ್ತದೆ. ನಮ್ಮ ಮಣೆ ಊರಿನ ಎಲ್ಲ ಮನೆಗಳಲ್ಲಿದ್ದಂಥದ್ದೇ. ಮೂರು ಕಾಲು, ನಡುವೆ ಹಿತ್ತಾಳೆಯ ಕೊಳವೆ, ಅಡಿಯಲ್ಲಿ ತೂತಿನ ಬಿಲ್ಲೆ, ಮೇಲಿನಿಂದ ಇಳಿಯುವ ತಿರುಪು, ಅದರ ತಲೆಗೆ ಅಡ್ಡ ಹಿಡಿ. ಅದಕ್ಕೆ ಇಬ್ಬರು ಬೇಕು. ಒಬ್ಬರು ಹಿಡಿ ತಿರುಗಿಸಬೇಕು, ಇನ್ನೊಬ್ಬರು ಒಂದು ಕೈಯಲ್ಲಿ ಮಣೆಯ ಕಾಲು ಅಲ್ಲಾಡದಂತೆ ಒತ್ತಿ ಹಿಡಿದು ಇನ್ನೊಂದು ಕೈಯಲ್ಲಿ ಕೆಳಗಿನ ಪ್ಲೇಟನ್ನು ಸುತ್ತಿಸುತ್ತ ಎಳೆಗಳನ್ನು ಗುಂಡಗೆ ಬೀಳಿಸಿಕೊಳ್ಳಬೇಕು. ನಮ್ಮಲ್ಲಿ ತಿರುಗಿಸುತ್ತಿದ್ದದ್ದು ಅತ್ತೆ, ಪ್ಲೇಟು ಹಿಡಿಯುತ್ತಿದ್ದದ್ದು ಅಮ್ಮ.

ಅತ್ತೆ ಅಪ್ಪನ ಅಕ್ಕ. ಊರಿಗೆಲ್ಲ ಪೂವಕ್ಕ. ಸಣ್ಣ ಪ್ರಾಯದಲ್ಲೇ ಗಂಡನನ್ನು ಕಳೆದುಕೊಂಡು ನಮ್ಮಲ್ಲಿಗೆ ಬಂದವಳು. ಅವಳಿಗೆ ತೋಳಿನಲ್ಲಿ ಬಲ, ನಾಲಗೆಯಲ್ಲಿ ಅದಕ್ಕಿಂತ ಹೆಚ್ಚು ಬಲ. ಅಮ್ಮನೂ ಬಾಯಿ ಮುಚ್ಚಿಕೊಂಡು ಇರುವ ಜಾತಿಯಲ್ಲ. ಇಬ್ಬರೂ ಮಣೆಯ ಆಚೆ ಈಚೆ ಕೂತರೆಂದರೆ ಜಗಳ ಶುರು, ಕೊನೆಯ ಉಂಡೆ ಮುಗಿಯುವಾಗ ಜಗಳವೂ ಮುಗಿಯುತ್ತಿತ್ತು.

"ಪ್ಲೇಟು ಎಲ್ಲಿ ಹಿಡಿದಿದ್ದಿ ದೇವಕಿ? ಅರ್ಧ ಸೇಮಿಗೆ ನೆಲಕ್ಕೆ ಬೀಳ್ತಾ ಉಂಟು."

"ನೀವು ಎತ್ತು ಬೆದರಿದ ಹಾಗೆ ತಿರುಗಿಸಿದ್ರೆ ನಾನು ಓಡಿ ಓಡಿ ಹಿಡಿಯುದಾ ಅತ್ತಿಗೆ?"

"ತವರಿನಲ್ಲಿ ಸೇಮಿಗೆ ಮಾಡಿ ಗೊತ್ತಿದ್ರೆ ಅಲ್ವಾ!"

"ನಮ್ಮಲ್ಲಿ ಮನುಷ್ಯರು ತಿನ್ನುವ ಸೇಮಿಗೆ ಮಾಡ್ತಿದ್ದದ್ದು. ನೀವು ಮಾಡುದು ದನ ಕಟ್ಟುವ ಹಗ್ಗ."

ಹೊರಗೆ ಬೆಂಚಿನಲ್ಲಿದ್ದ ಹುಕ್ರಪ್ಪಣ್ಣ ಚಟ್ನಿಯ ಬಟ್ಟಲನ್ನು ಆಚೆ ಸರಿಸುತ್ತಿದ್ದ.

"ಇದು ಬೇಡ ಮಾರಾಯ್ರೆ. ಒಳಗಿಂದ ಬೇಕಾದಷ್ಟು ಖಾರ ಬರ್ತಾ ಉಂಟು."

ಗಿರಾಕಿಗಳು ನಗುತ್ತಿದ್ದರು. ಅಪ್ಪ ನಗುತ್ತಿರಲಿಲ್ಲ. ಅವನ ಕಿವಿ ಕೆಂಪಾಗುತ್ತಿತ್ತು. ದಿನ ಬೆಳಗಾದರೆ ತನ್ನ ಹೆಂಡತಿ ಮತ್ತು ತನ್ನ ಅಕ್ಕ ಊರಿನವರಿಗೆ ಕೇಳುವ ಹಾಗೆ ಕಚ್ಚಾಡುವುದು ಅವನಿಗೆ ದೊಡ್ಡ ನಾಚಿಕೆಯಾಗಿತ್ತು. ಒಂದು ಸಂಗತಿ ಅವನಿಗೆ ಕಾಣಲೇ ಇಲ್ಲ. ಅತ್ತೆಗೆ ಒಮ್ಮೆ ಜ್ವರ ಬಂದು ಮಲಗಿದ್ದಾಗ ನೆರೆಮನೆಯ ಹೆಂಗಸೊಬ್ಬಳು ಬಂದು ಮಣೆ ತಿರುಗಿಸಿದಳು. ಆ ದಿನಗಳಲ್ಲಿ ಅಡಿಗೆಮನೆ ಸದ್ದಿಲ್ಲದೆ ನಡೆಯಿತು. ಅಮ್ಮ ಮಾತ್ರ ಕೈ ತೊಳೆದವಳೇ ಹಿಂದಿನ ಕೋಣೆಗೆ ಹೋಗಿ ಚಾಪೆಯ ಪಕ್ಕ ನಿಂತು, "ಕಷಾಯ ಕುಡಿಯದೆ ಯಾರಿಗೆ ಉಪಕಾರ ಮಾಡ್ಲಿಕ್ಕೆ ಮಲಗಿದ್ದು?" ಎಂದು ಶುರು ಮಾಡುತ್ತಿದ್ದಳು. ಅತ್ತೆ ಕಂಬಳಿಯೊಳಗಿನಿಂದಲೇ ಉತ್ತರ ಕೊಡುತ್ತಿದ್ದಳು. ಆಗ ಅವಳ ಮುಖಕ್ಕೆ ಸ್ವಲ್ಪ ಕಳೆ ಬರುತ್ತಿತ್ತು. ಇದನ್ನು ನಾನು ನೋಡಿದ್ದೆ. ಅದಕ್ಕೇ ನನ್ನ ತಪ್ಪು ಅಪ್ಪನ ತಪ್ಪಿಗಿಂತ ದೊಡ್ಡದು.

ಪೆರಾಬೆಯ ಶಾಲೆಯಲ್ಲಿ ಕಲಿಸುತ್ತಿದ್ದ ಟೀಚರೊಬ್ಬರು ನಮ್ಮ ಹೋಟೆಲಿಗೆ ಬರುತ್ತಿದ್ದರು. ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇದ್ದವರು. ಒಂದು ದಿನ ಸೇಮಿಗೆ ತಿನ್ನುತ್ತ ಅಪ್ಪನ ಹತ್ತಿರ ಹೇಳಿದರು:

"ನನಗೆ ಸೇಮಿಗೆ ಅಂದ್ರೆ ಪ್ರಾಣ. ಕೋಣೆಯಲ್ಲಿ ಮಾಡುವ ಅಂದ್ರೆ ತಿರುಗಿಸುದು ನಾನಾದ್ರೆ ಪ್ಲೇಟು ಹಿಡಿಯುದು ಯಾರು?"

ಅಪ್ಪನಿಗೆ ಅಷ್ಟು ಸಾಕಾಯಿತು. ಅಂದು ಅವನು ಹಲಗೆ ಗೋಡೆಯ ಸಂದಿಯಲ್ಲಿ ನಿಂತು ಅಮ್ಮ ಮತ್ತು ಅತ್ತೆ ಒತ್ತುವುದನ್ನು ಬಹಳ ಹೊತ್ತು ನೋಡಿದ. ಆಮೇಲೆ ಶೆಡ್ಡಿನಲ್ಲಿ ನನ್ನನ್ನು ಎದುರಿಗೆ ಕೂರಿಸಿಕೊಂಡು ಹೇಳಿದ:

"ಈ ಮಣೆ ಮಾಡಿದವ ಎಲ್ಲರ ಮನೆಯಲ್ಲೂ ಇಬ್ಬರು ಇರ್ತಾರೆ ಅಂತ ಎಣಿಸಿದ್ದಾನೆ. ಇಲ್ಲದವರು ಎಂತ ಮಾಡುದು? ಇನ್ನು ನಮ್ಮಲ್ಲಿ ನೋಡು. ಇಬ್ಬರು ಬೇಕಾದ ಕಾರಣ ಜಗಳ. ಒಬ್ಬರಿಗೇ ಆಗುದಾದ್ರೆ ಜಗಳ ಯಾರತ್ರ ಮಾಡುದು?"

ಅಷ್ಟು ಸರಳವಾಗಿ ಅವನಿಗೆ ಕಂಡಿತ್ತು. ವಸ್ತುವಿನಲ್ಲಿ ದೋಷವಿದೆ, ಅದನ್ನು ಸರಿ ಮಾಡಿದರೆ ಮನುಷ್ಯರೂ ಸರಿಯಾಗುತ್ತಾರೆ. ನಾನೂ ಜೀವಮಾನವಿಡೀ ಹಾಗೆಯೇ ನಂಬಿ ಕೆಲಸ ಮಾಡಿದೆ.

ಅದೇ ಸಮಯದಲ್ಲಿ ಅಜ್ಜಾವರದಿಂದ ಚಿಕ್ಕಪ್ಪ ಬಂದ. ಅವನ ಹೆಂಡತಿಗೆ ಸೊಂಟನೋವು, ಮನೆಗೆಲಸಕ್ಕೆ ಆಗುತ್ತಿರಲಿಲ್ಲ. ಅಕ್ಕನನ್ನು ಕಳಿಸು ಎಂದು ಅಪ್ಪನನ್ನು ಕೇಳಿದ. ಅತ್ತೆಗೆ ಅಲ್ಲಿಗೆ ಹೋಗಲು ಮನಸ್ಸಿರಲಿಲ್ಲ. ಅವನು ಚಹಾ ಕುಡಿಯಲು ಹೊರಗೆ ಹೋದಾಗ ಅಮ್ಮನ ಹತ್ತಿರ ಹೇಳಿದಳು:

"ಅಲ್ಲಿ ಎಲ್ಲ ಉಂಟು. ತೋಟ ಉಂಟು, ಕರೆಂಟು ಉಂಟು, ರೇಡಿಯೋ ಉಂಟು. ಬಾಯಿ ತೆರೆಯುವವರು ಮಾತ್ರ ಒಬ್ಬರೂ ಇಲ್ಲ. ನಾನು ಕೇಳಿದ್ದಕ್ಕೆ ರೇಡಿಯೋದವ ಉತ್ತರ ಕೊಡ್ತಾನಾ?"

ಅಪ್ಪ ತಮ್ಮನಿಗೆ ಹೇಳಿದ ಮಾತು ಅಡಿಗೆಮನೆಗೆ ಸ್ಪಷ್ಟವಾಗಿ ಕೇಳಿತು.

"ಇಬ್ಬರು ಇಲ್ಲದೆ ಬೆಳಿಗ್ಗೆ ಹೋಟೆಲು ನಡೆಯುದಿಲ್ಲ. ನನ್ನ ಹೊಸ ಮಣೆ ಆಗ್ಲಿ. ಆಮೇಲೆ ಅಕ್ಕನನ್ನು ನಾನೇ ತಂದು ಬಿಡ್ತೇನೆ."

ಅತ್ತೆ ಒಲೆಗೆ ಕಟ್ಟಿಗೆ ದೂಡುತ್ತ ನಕ್ಕಳು.

"ಅವನ ಮಣೆ ಆಗುವಾಗ ನನ್ನ ತಿಥಿಯೂ ಆಗಿರ್ತದೆ."

ಅಮ್ಮ ಮಾತ್ರ ನಗಲಿಲ್ಲ.

ಶೆಡ್ಡಿನಲ್ಲಿ ಕೆಲಸ ಶುರುವಾಯಿತು. ತಿರುಗಿಸುವಾಗ ಮಣೆ ಕುಣಿಯಬಾರದೆಂದು ಅಪ್ಪ ಅದನ್ನು ಒಂದು ಉದ್ದದ ಹಲಗೆಗೆ ಬಿಗಿದ. ಒತ್ತುವವರು ಹಲಗೆಯ ತುದಿಯಲ್ಲಿ ಕೂತರೆ ಅವರ ಭಾರಕ್ಕೇ ಮಣೆ ಗಟ್ಟಿ ನಿಲ್ಲುತ್ತಿತ್ತು. ಅರ್ಧ ಸಮಸ್ಯೆ ಮುಗಿಯಿತು. ಉಳಿದದ್ದು ಪ್ಲೇಟು. ಅದನ್ನು ಸುತ್ತಿಸುವ ಕೈಯನ್ನು ಎಲ್ಲಿಂದ ತರುವುದು? ನಾನು ಮೂಲೆಯಲ್ಲಿ ಕೂತು ಹಳೆಯ ಸೈಕಲ್ಲಿನ ಚಕ್ರವನ್ನು ಅಡ್ಡ ಹಾಕಿ ತಿರುಗಿಸುತ್ತಿದ್ದೆ. ಅದರ ಮೇಲೊಂದು ಚಿಪ್ಪು ಇಟ್ಟಿದ್ದೆ, ಚಿಪ್ಪು ಬೀಳದೆ ಸುತ್ತುತ್ತಿತ್ತು.

"ಅಪ್ಪ, ಪ್ಲೇಟನ್ನು ಇದರ ಮೇಲೆ ಇಟ್ರೆ ಆಗುದಿಲ್ವಾ?"

ಅಪ್ಪ ಉಳಿಯನ್ನು ಕೆಳಗಿಟ್ಟ. ಚಕ್ರವನ್ನು ನೋಡಿದ, ನನ್ನನ್ನು ನೋಡಿದ. ಆಮೇಲೆ ಚಕ್ರದ ನಡುವಿನ ಹಬ್ಬನ್ನು ಬಿಚ್ಚಿ ತೆಗೆದು ಅದರ ಮೇಲೆ ಮರದ ತಟ್ಟೆ ಕೂಡಿಸಿ, ಹಿಡಿಯಿಂದ ಅದಕ್ಕೊಂದು ಹುರಿ ಎಳೆದ. ಹಿಡಿ ತಿರುಗಿದ ಹಾಗೆ ಕೆಳಗೆ ತಟ್ಟೆ ಮೆಲ್ಲಗೆ ಸುತ್ತಿತು. ಅಷ್ಟು ದಿನ "ಹೇಗುಂಟು?" ಎಂದು ಮಾತ್ರ ಕೇಳುತ್ತಿದ್ದ ಅಪ್ಪ ಅಂದು ಮೊದಲ ಬಾರಿಗೆ "ಇನ್ನೆಂತ ಮಾಡ್ಬಹುದು ಹೇಳು ಲೋಕಯ್ಯ" ಎಂದು ಕೇಳಿದ. ನನಗೆ ಎದೆ ಉಬ್ಬಿತು. ಆ ಉಬ್ಬು ಇಳಿಯಲು ನನಗೆ ಒಂದು ಆಯುಷ್ಯ ಬೇಕಾಯಿತು.

ಆವೆಮಣ್ಣನ್ನು ಮೆತ್ತಗೆ ನಾದಿ ಕೊಳವೆಗೆ ತುಂಬಿ ಅಪ್ಪ ಶೆಡ್ಡಿನಲ್ಲಿ ಒತ್ತಿ ನೋಡಿದ. ಎಳೆಗಳು ಸುತ್ತಿ ಸುತ್ತಿ ಗುಂಡಗೆ ಬಿದ್ದವು. ಮರುದಿನ ಬೆಳಿಗ್ಗೆ ಅದನ್ನೇ ಅಡಿಗೆಮನೆಯಲ್ಲಿ ಇಟ್ಟ. ಅಮ್ಮ ಉಂಡೆ ಹಾಕಿದಳು, ಹಿಡಿ ತಿರುಗಿಸಿದಳು. ಸ್ವಲ್ಪ ದೂರ ಹೋಗಿ ತಿರುಪು ಕಚ್ಚಿಕೊಂಡಿತು. ಬಂದ ಎಳೆಗಳು ಬೆರಳುದ್ದ ಆಗುವ ಮೊದಲೇ ತುಂಡಾದವು. ಅಪ್ಪ ತಲೆ ಕೆರೆಯುತ್ತ ಶೆಡ್ಡಿಗೆ ಹೋದ. ಅಮ್ಮ ಉಂಡೆಗಳನ್ನು ಪುನಃ ತೊಂದೂರಿಗೆ ಹಾಕಿದಳು, ಹಳೆಯ ಮಣೆ ಇಳಿಯಿತು, ಅತ್ತೆ ಕೂತಳು, ಜಗಳ ಶುರುವಾಯಿತು, ಹೋಟೆಲು ನಡೆಯಿತು.

ಇದು ಒಂದು ದಿನದ ಕಥೆಯಲ್ಲ. ಮುಂದಿನ ದಿನಗಳಲ್ಲಿ ಅಪ್ಪ ಬಿಲ್ಲೆಯ ತೂತು ದೊಡ್ಡದು ಮಾಡಿದ, ಆಗಲಿಲ್ಲ. ಪುತ್ತೂರಿಗೆ ಹೋಗಿ ಲೇತಿನಲ್ಲಿ ಹೊಸ ತಿರುಪು ಕಡೆಸಿ ತಂದ, ಆಗಲಿಲ್ಲ. ಹಿಡಿಯನ್ನು ಉದ್ದ ಮಾಡಿದ, ಅದು ಮುರಿಯಿತು. ಅಕ್ಕಿ ಸರಿಯಿಲ್ಲವೆಂದು ಅಂಗಡಿ ಬದಲಿಸಿದ. ರುಬ್ಬಿದ್ದು ನುಣ್ಣಗಾಗಲಿಲ್ಲವೆಂದು ರುಬ್ಬುವ ಕಲ್ಲಿಗೆ ಉಳಿಯಿಂದ ಮುಳ್ಳು ಹೊಡೆಸಿದ. ಪ್ರತಿದಿನ ಮಣ್ಣಿನಲ್ಲಿ ಗೆದ್ದು ಅಕ್ಕಿಯಲ್ಲಿ ಸೋತ. ತುಂಡು ಸೇಮಿಗೆಯನ್ನು ಗಿರಾಕಿಗೆ ಕೊಡುವ ಹಾಗಿಲ್ಲ, ನಾವೇ ತಿನ್ನಬೇಕಿತ್ತು. ಬೆಳಿಗ್ಗೆ ಬೆಲ್ಲ ಹಾಕಿ, ಮಧ್ಯಾಹ್ನ ಮಜ್ಜಿಗೆ ಹಾಕಿ, ಸಂಜೆ ಒಗ್ಗರಣೆ ಹಾಕಿ ಅದನ್ನೇ ತಿಂದು, ಸೇಮಿಗೆಯ ವಾಸನೆ ಬಂದರೆ ಸಾಕು ನಾನು ಹಿತ್ತಲಿಗೆ ಓಡುತ್ತಿದ್ದೆ. ಅಪ್ಪ ಗಲ್ಲಾಪೆಟ್ಟಿಗೆಯ ಹತ್ತಿರ ಬರುವುದನ್ನೇ ಬಿಟ್ಟ. ಸಿಡುಕು ಹೆಚ್ಚಾಯಿತು. ಸೌಟು ಬಿದ್ದ ಸದ್ದಿಗೂ ಶೆಡ್ಡಿನಿಂದ ಬೈಗುಳ ಬರುತ್ತಿತ್ತು.

"ಮಣ್ಣಿಗೆ ಬರುದು ಅಕ್ಕಿಗೆ ಯಾಕೆ ಬರುದಿಲ್ಲ? ಎಂತ ಸಾವು ಇದು!"

"ಹಾಗಾದ್ರೆ ಹೋಟೆಲಿನಲ್ಲಿ ಮಣ್ಣೇ ಬಡಿಸು ತಮ್ಮ," ಎಂದಳು ಅತ್ತೆ. "ಹುಕ್ರಪ್ಪನಿಗೆ ವ್ಯತ್ಯಾಸ ಗೊತ್ತಾಗ್ಲಿಕ್ಕಿಲ್ಲ."

ಅತ್ತೆಗೆ ನಿಜವಾಗಿಯೂ ಯಾವ ಸಂಶಯವೂ ಇರಲಿಲ್ಲ. ತಮ್ಮನ ಎಲ್ಲ ಸಾಮಾನುಗಳ ಹಾಗೆ ಇದೂ ಒಂದು ಎಂದು ನಂಬಿದ್ದಳು. ತಾನಿಲ್ಲದೆ ಹೋಟೆಲಿನ ಬೆಳಗು ನಡೆಯುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅದರ ಮೇಲೆಯೇ ಅವಳು ಆ ಮನೆಯಲ್ಲಿ ತಲೆಯೆತ್ತಿ ನಡೆಯುತ್ತಿದ್ದಳು, ಬೇಕೆಂದಾಗ ಬೈಯುತ್ತಿದ್ದಳು, ಬೇಕೆಂದದ್ದನ್ನು ಕೇಳಿ ತಿನ್ನುತ್ತಿದ್ದಳು.

ಒಂದು ಬೆಳಿಗ್ಗೆ ಅತ್ತೆ ಹಾಲು ಕರೆಯಲು ಹಟ್ಟಿಗೆ ಹೋಗಿದ್ದಳು. ನಾನು ಮುಖ ತೊಳೆಯದೆ ನೇರ ಅಡಿಗೆಮನೆಗೆ ಬಂದೆ. ತೊಂದೂರಿನ ಕೆಳಗೆ ಬೆಂಕಿಯಿರಲಿಲ್ಲ. ಕಟ್ಟಿಗೆಗಳನ್ನು ಹೊರಗೆಳೆದು ನೀರು ಚಿಮುಕಿಸಿ ಬದಿಗಿಟ್ಟಿತ್ತು. ಕಿಟಕಿಯ ಬುಡದಲ್ಲಿ ಬಾಳೆಲೆಯ ಮೇಲೆ ಬೆಂದ ಉಂಡೆಗಳು ಗಾಳಿಗೆ ಆರುತ್ತಿದ್ದವು. ಅಮ್ಮ ಅವುಗಳನ್ನು ಮುಟ್ಟಿ ನೋಡಿ ಒಂದೊಂದಾಗಿ ತೊಂದೂರಿಗೆ ಹಾಕಿ ಮುಚ್ಚುತ್ತಿದ್ದಳು. ನನ್ನನ್ನು ಕಂಡು ಅವಳ ಕೈ ನಿಂತಿತು.

"ಅಮ್ಮ, ತಣ್ಣಗಾದ್ರೆ ಒತ್ಲಿಕ್ಕೆ ಆಗುದಿಲ್ಲ ಅಲ್ವಾ?"

"ಗೊತ್ತುಂಟು."

"ಮತ್ತೆ ಯಾಕೆ?"

ಅಮ್ಮ ನನ್ನ ಭುಜ ಹಿಡಿದು ತನ್ನ ಹತ್ತಿರ ಎಳೆದಳು. ಅವಳ ಕೈಗೆ ಹಿಟ್ಟಿನ ವಾಸನೆಯಿತ್ತು.

"ಆ ಮಣೆ ಆದ ದಿನ ಅತ್ತೆಯನ್ನು ಅಜ್ಜಾವರಕ್ಕೆ ಕಳಿಸ್ತಾರೆ. ನಿನ್ನ ಅಪ್ಪನಿಗೆ ನಮ್ಮ ಜಗಳ ಮಾತ್ರ ಕೇಳುದು, ಬೇರೆ ಎಂತದೂ ಕೇಳುದಿಲ್ಲ. ನೀನು ಯಾರತ್ರವೂ ಹೇಳ್ಬಾರ್ದು. ಅಪ್ಪನತ್ರ ಹೇಳಿದ್ರೂ ನಾನು ಸುಧಾರಿಸ್ತೇನೆ. ಅತ್ತೆಯತ್ರ ಮಾತ್ರ ಹೇಳ್ಬಾರ್ದು ಮಗಾ."

"ಅತ್ತೆಯತ್ರ ಯಾಕೆ?"

"ಅವರಿಗೆ ಗೊತ್ತಾದ್ರೆ ಇಲ್ಲಿ ಕೂರುದಿಲ್ಲ."

ಆಗಲಿ ಎಂದೆ. ಅಂದು ಬೆಳಿಗ್ಗೆಯೂ ಮಣೆ ಸೋತಿತು, ಅಪ್ಪ ಹಣೆಗೆ ಕೈ ಹಚ್ಚಿ ಕೂತ, ನಾನು ಸುಮ್ಮನಿದ್ದೆ. ಸುಮ್ಮನಿರುವುದು ಎಷ್ಟು ಕಷ್ಟವೆಂದು ಆಗ ತಿಳಿಯಿತು. ಅತ್ತೆಯ ಬಗ್ಗೆ ಯೋಚಿಸಿ ಕಷ್ಟವಾಯಿತು ಎಂದು ಬರೆಯಲು ಆಸೆಯಾಗುತ್ತದೆ, ಆದರೆ ಅದು ಸುಳ್ಳು. ನನ್ನ ಹಬ್ಬು, ನನ್ನ ತಟ್ಟೆ, ನನ್ನ ಬುದ್ಧಿ ಸರಿಯಾಗಿದ್ದೂ ಸೋಲುತ್ತಿದೆಯಲ್ಲ ಎಂದು ಕಷ್ಟವಾಯಿತು.

ಒಂದು ಭಾನುವಾರ ಅಪ್ಪ ಕೊನೆಯ ಸಲವೆಂದು ಮಣೆಯನ್ನು ಹೋಟೆಲಿನ ನಡುವಿಗೇ ತಂದಿಟ್ಟ. ಟೀಚರನ್ನು ಕರೆದಿದ್ದ. ಹುಕ್ರಪ್ಪಣ್ಣ ಕರೆಯದೆ ಬಂದಿದ್ದ. ಅತ್ತೆ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದಳು. ಅಮ್ಮ ತೊಂದೂರು ಹೊತ್ತು ತಂದಳು. ಹಿಡಿ ತಿರುಗಿತು, ಕಚ್ಚಿಕೊಂಡಿತು, ತುಂಡು ಎಳೆಗಳು ತಟ್ಟೆಯ ಮೇಲೆ ಉದುರಿದವು. ಹುಕ್ರಪ್ಪಣ್ಣ ಬಗ್ಗಿ ನೋಡಿದ.

"ಇದೆಂತ ಮಾರಾಯ್ರೆ, ಕೋಳಿಗೆ ಹಾಕುದಾ? ಅಡಿಯಲ್ಲಿ ಇರುದು ಸೈಕಲಿನ ಹಬ್ಬು ಅಲ್ವಾ? ಮಕ್ಕಳ ಆಟದ ಸಾಮಾನು ಅಡಿಗೆಗೆ ಆಗ್ತದಾ?"

ಎಲ್ಲರೂ ನಕ್ಕರು. ಅಪ್ಪ ನನ್ನ ಕಡೆ ತಿರುಗಿದ. ಅಷ್ಟು ದಿನಗಳ ಸಿಟ್ಟೆಲ್ಲ ಅವನ ಮುಖದಲ್ಲಿತ್ತು.

"ನಿನ್ನ ಮಾತು ಕೇಳಿ ನಾನು ಕೆಟ್ಟೆ. ತೆಗಿ ಆ ಹಬ್ಬು. ತೆಗೆದು ಬಿಸಾಡು."

ನನಗೆ ಅಳು ಬಂತು. ಅಳು ಬಂದದ್ದು ಎಲ್ಲರಿಗೂ ಕಾಣಿಸಿತಲ್ಲ ಎಂದು ಸಿಟ್ಟೂ ಬಂತು. ನಾನು ಕೂಗಿದೆ:

"ಹಬ್ಬಿನದ್ದು ತಪ್ಪಲ್ಲ! ಅಮ್ಮ ದಿನಾ ಉಂಡೆ ತಣಿಸಿ ಹಾಕುದು. ಅತ್ತೆಯನ್ನು ಅಜ್ಜಾವರಕ್ಕೆ ಕಳಿಸ್ಬಾರ್ದು ಅಂತ!"

ಅಷ್ಟಕ್ಕೆ ನಿಲ್ಲಿಸಿದ್ದರೆ ಮಗುವಿನ ಬಾಯಿ ಜಾರಿತು ಎನ್ನಬಹುದಿತ್ತು. ನಾನು ನಿಲ್ಲಿಸಲಿಲ್ಲ. ತೊಂದೂರನ್ನು ಒಳಗೆ ಎಳೆದುಕೊಂಡು ಹೋದೆ. ಕಟ್ಟಿಗೆ ಒಟ್ಟಿ, ಊದಿ ಊದಿ ಬೆಂಕಿ ಎಬ್ಬಿಸಿದೆ. ಯಾರೂ ನನ್ನನ್ನು ತಡೆಯಲಿಲ್ಲ. ಉಂಡೆಗಳು ಪುನಃ ಹಬೆಯಾಡುವಾಗ ತಂದು, ಹಲಗೆಯ ಮೇಲೆ ಕೂತು, ನಾನೊಬ್ಬನೇ ಒತ್ತಿದೆ. ಎಳೆ ತುಂಡಾಗಲಿಲ್ಲ. ಬಿಳಿಯ ಎಳೆಗಳು ಒಂದರ ಮೇಲೊಂದು ಸುತ್ತಿ ಬಿದ್ದವು. ಅಷ್ಟು ಚಂದದ ಸೇಮಿಗೆ ನಮ್ಮ ಮನೆಯಲ್ಲಿ ಅದುವರೆಗೆ ಯಾರೂ ಮಾಡಿರಲಿಲ್ಲ. ಟೀಚರು ಚಪ್ಪಾಳೆ ತಟ್ಟಿದರು. ಹುಕ್ರಪ್ಪಣ್ಣ ಬಾಯಿ ತೆರೆದು ನಿಂತ. ಅಪ್ಪ ಮಣೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ತಟ್ಟೆ ಸುತ್ತುವುದನ್ನೇ ನೋಡುತ್ತಿದ್ದ. ನಾನು ಗೆದ್ದಿದ್ದೆ. ತಲೆಯೆತ್ತಿದಾಗ ಅತ್ತೆ ಅಮ್ಮನನ್ನು ನೋಡುತ್ತಿದ್ದಳು.

"ಹೌದಾ ದೇವಕಿ?"

ಅಮ್ಮ ಉತ್ತರ ಕೊಡಲಿಲ್ಲ. ಅತ್ತೆಯ ಮಾತಿಗೆ ಅಮ್ಮ ಉತ್ತರ ಕೊಡದ್ದನ್ನು ನಾನು ಕಂಡದ್ದು ಅದೇ ಮೊದಲು.

ಸಂಜೆ ಅತ್ತೆ ಸೀರೆಗಳನ್ನು ಮಡಚಿ ಬಟ್ಟೆಯ ಚೀಲಕ್ಕೆ ಹಾಕಿದಳು. ಅಪ್ಪ ನಿಜವಾಗಿಯೂ ಬೇಡವೆಂದ. ಮಣೆ ಇದ್ದರೆ ಇರಲಿ, ನೀನು ಹೋಗುವುದು ಬೇಡ, ತಮ್ಮನಿಗೆ ನಾನು ಹೇಳುತ್ತೇನೆ ಎಂದು ಅಕ್ಕನ ಎದುರು ಕೈ ಹಿಸುಕುತ್ತ ನಿಂತ. ಅವನಿಗೂ ಅಂದು ಏನೋ ತಿಳಿದಿತ್ತು.

"ನನ್ನ ಕೆಲಸ ಉಂಟು ಅಂತ ಇದ್ದೆ ತಮ್ಮ," ಎಂದಳು ಅತ್ತೆ. ಸ್ವರದಲ್ಲಿ ಸಿಟ್ಟಿರಲಿಲ್ಲ. "ಪಾಪ ಅಂತ ಇಟ್ಟುಕೊಂಡದ್ದು ನನಗೆ ಗೊತ್ತಿರ್ಲಿಲ್ಲ."

ಪಾಪವೆಂದಲ್ಲ, ನೀವಿಲ್ಲದೆ ನನಗಾಗುವುದಿಲ್ಲ ಎಂದು ಅಮ್ಮ ಆಗ ಹೇಳಬೇಕಿತ್ತು. ಅವಳಿಗೆ ಬರಲಿಲ್ಲ. ಅಷ್ಟು ವರ್ಷ ಅವರಿಬ್ಬರೂ ಮೆತ್ತಗೆ ಮಾತಾಡಿದ್ದೇ ಇರಲಿಲ್ಲ. ಅಮ್ಮ ಬಾಗಿಲಿಗೆ ಅಡ್ಡ ನಿಂತು ತನಗೆ ಗೊತ್ತಿದ್ದ ಭಾಷೆಯಲ್ಲೇ ಹೇಳಿದಳು:

"ಹೋಗುದಾದ್ರೆ ಹೋಗಿ. ಅಲ್ಲಿ ಯಾರು ನಿಮ್ಮ ಗಂಟಲಿಗೆ ಕಷಾಯ ಹೊಯ್ಯುದು ನೋಡುವ. ಎರಡು ದಿನಕ್ಕೆ ಓಡಿ ಬರ್ತೀರಿ."

ಅತ್ತೆ ಬಾಯಿ ತೆರೆಯುತ್ತಾಳೆ, ತಿರುಗಿ ಹೇಳುತ್ತಾಳೆ ಎಂದು ನಾನು ಕಾದೆ. ಅತ್ತೆ, "ಆಯ್ತು ದೇವಕಿ, ಜಾಗ್ರತೆ" ಎಂದಳು. ಅಪರಿಚಿತರಿಗೆ ಹೇಳುವ ಹಾಗೆ ಅಷ್ಟು ಮರ್ಯಾದೆಯಿಂದ ಹೇಳಿದಳು. ಅಮ್ಮ ಬಾಗಿಲು ಬಿಟ್ಟು ಸರಿದಳು.

ಮಣೆ ಗೆದ್ದಿತು. ಟೀಚರು ಮೊದಲ ಗಿರಾಕಿ. ಆಮೇಲೆ ಕಡಬ, ಸುಳ್ಯ, ಪುತ್ತೂರಿನಿಂದ ಜನ ಕೇಳಿಕೊಂಡು ಬಂದರು. ಹೋಟೆಲು ಮುಚ್ಚಿ ಶೆಡ್ಡು ದೊಡ್ಡದಾಯಿತು. ಹೈಸ್ಕೂಲು ಮುಗಿಸಿ ನಾನೂ ಅಪ್ಪನ ಜತೆ ಕೂತೆ, ಅವನ ನಂತರ ನಾನೇ ನಡೆಸಿದೆ. ಸಂತೆಗಳಲ್ಲಿ ಮಣೆ ಇಟ್ಟು, "ಇದಕ್ಕೆ ಇನ್ನೊಬ್ಬರು ಬೇಡ" ಎಂದು ಎಷ್ಟು ಸಲ ಕೂಗಿದ್ದೇನೋ ಲೆಕ್ಕವಿಲ್ಲ. ಅದು ಒಳ್ಳೆಯ ವಸ್ತು ಎಂಬುದರಲ್ಲಿ ಇಂದಿಗೂ ನನಗೆ ಸಂಶಯವಿಲ್ಲ. ಗಂಡನಿಲ್ಲದವರು, ಮಕ್ಕಳಿಲ್ಲದವರು, ಒಂದು ಕೈ ಸ್ವಾಧೀನವಿಲ್ಲದವರು ಬಂದು ಕೈ ಮುಗಿದಿದ್ದಾರೆ. ಒಬ್ಬರೇ ಇರುವವರಿಗೆಂದು ಮಾಡಿದ ವಸ್ತುವಿನಿಂದ ಒಬ್ಬಳನ್ನು ನಾನು ಒಂಟಿ ಮಾಡಿದೆ ಎಂಬುದನ್ನು ಅವರಲ್ಲಿ ಯಾರಿಗೆ ಹೇಳಲಿ? ಈಗ ಕರೆಂಟಿನ ಮಣೆ ಬಂದಿದೆ. ಗುಂಡಿ ಒತ್ತಿದರೆ ಸಾಕು, ತಿರುಗಿಸುವ ಕೈಯೂ ಬೇಡ. ನನ್ನ ಮಗ ಅದನ್ನೇ ಮಾರುತ್ತಾನೆ. ಒಂದು ದಿನ ಅವನ ಹತ್ತಿರ, ಇದನ್ನು ಮಾಡುವ ಮೊದಲು ಅಡಿಗೆಮನೆಯಲ್ಲಿ ಯಾರಿಗೆ ಏನು ಹೋಗುತ್ತದೆ ಎಂದು ಯಾರಾದರೂ ಕೇಳಿದ್ದಾರಾ ಎಂದೆ. "ಕೆಲಸ ಹೋಗ್ತದೆ ಅಪ್ಪ, ಮತ್ತೆಂತ ಹೋಗುದು?" ಎಂದ. ಅವನ ಮೇಲೆ ಸಿಟ್ಟು ಬಂತು. ಅದು ನನ್ನದೇ ಮಾತು, ಅವನ ಬಾಯಿಯಿಂದ ಬಂದಿತ್ತು, ಅಷ್ಟೆ.

ಅತ್ತೆ ಹೋದ ಮೇಲೆ ನಮ್ಮ ಅಡಿಗೆಮನೆಯಲ್ಲಿ ಹಿಡಿ ತಿರುಗುವ ಕಿರ್ರೆಂಬ ಸದ್ದು ಮಾತ್ರ ಉಳಿಯಿತು. ಅಪ್ಪ ಹಲಗೆ ಗೋಡೆಯ ಆಚೆ ಕೂತು ಕೇಳಿಸಿಕೊಳ್ಳುತ್ತಿದ್ದ. ಒಂದು ಬೆಳಿಗ್ಗೆ ಅವನು ಎದ್ದು ಒಳಗೆ ಬಂದು, "ಎಂತಾದ್ರೂ ಮಾತಾಡು ಮಾರಾಯ್ತಿ" ಎಂದ. ಅಮ್ಮ ತಲೆಯೆತ್ತದೆ, "ಯಾರತ್ರ?" ಎಂದಳು. ಅಮ್ಮ ನನ್ನನ್ನು ಒಂದು ದಿನವೂ ಬೈಯಲಿಲ್ಲ. ನನ್ನ ಬಟ್ಟಲಿಗೆ ಬಡಿಸುವುದರಲ್ಲಿ ಏನೂ ಕಡಿಮೆ ಮಾಡಲಿಲ್ಲ. ಆಮೇಲೆ ಯಾವ ಗುಟ್ಟನ್ನೂ ನನ್ನ ಹತ್ತಿರ ಹೇಳಲಿಲ್ಲ, ಸಾಯುವವರೆಗೂ.

ಹೈಸ್ಕೂಲಿನ ಕೊನೆಯ ರಜೆಯಲ್ಲಿ ನಾನು ಅಜ್ಜಾವರಕ್ಕೆ ಹೋದೆ. ಅತ್ತೆಯ ಕಾಲು ಹಿಡಿದು ತಪ್ಪಾಯಿತು ಎನ್ನಬೇಕು, ಅಮ್ಮ ಪಾಪವೆಂದು ಮಾಡಿದ್ದಲ್ಲ ಎಂದು ಹೇಳಬೇಕು, ಕರೆದುಕೊಂಡು ಬರಬೇಕು ಎಂದು ಬಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದೆ. ಚಿಕ್ಕಪ್ಪನ ಮನೆಯ ಅಂಗಳದಲ್ಲಿ ಯಾರೂ ಇರಲಿಲ್ಲ. ಒಳಗೆಲ್ಲೋ ರೇಡಿಯೋ ಹಾಡುತ್ತಿತ್ತು. ಹಿತ್ತಲ ಬಾಗಿಲಿನಿಂದ ಅಡಿಗೆಮನೆಗೆ ಹೋದೆ. ಅತ್ತೆ ಉದ್ದದ ಹಲಗೆಯ ತುದಿಯಲ್ಲಿ ಕೂತು ಸೇಮಿಗೆ ಒತ್ತುತ್ತಿದ್ದಳು. ಅಪ್ಪ ತಮ್ಮನಿಗೆಂದು ಕಳಿಸಿಕೊಟ್ಟ ಮಣೆ ಅದು. ಅದರ ಹಬ್ಬಿಗೆ ಎಣ್ಣೆ ಹಾಕಿ ಹುರಿ ಬಿಗಿದವನು ನಾನೇ.

"ಲೋಕನಾ? ದೊಡ್ಡವ ಆಗಿದ್ದಿ. ಕೂತ್ಕೋ, ಬಿಸಿ ಉಂಟು, ತಿನ್ನು."

ತೋಳು ಬಡವಾಗಿತ್ತು. ಮಾತೂ ಬಡವಾಗಿತ್ತು. ನಾನು ಪರೀಕ್ಷೆಯಲ್ಲಿ ಎಷ್ಟು ತೆಗೆದೆ ಎಂದು ಕೇಳಲಿಲ್ಲ, ಅಪ್ಪ ಈಗ ಯಾವ ಸಾಮಾನು ಕೆಡಿಸುತ್ತಿದ್ದಾನೆ ಎಂದು ಕೇಳಲಿಲ್ಲ. ಅಮ್ಮನ ಹೆಸರನ್ನೂ ತೆಗೆಯಲಿಲ್ಲ. ನಾನು ಬಸ್ಸಿನಲ್ಲಿ ಜೋಡಿಸಿಕೊಂಡ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಏನು ಮಾಡಬೇಕೆಂದು ತಿಳಿಯದೆ ಅವಳ ಎದುರಿಗೆ, ಅಮ್ಮ ಕೂರುತ್ತಿದ್ದ ಕಡೆಯಲ್ಲಿ, ಕಾಲು ಮಡಚಿ ಕೂತೆ. ಕೈ ಚಾಚಿ ಪ್ಲೇಟಿನ ಅಂಚನ್ನು ಹಿಡಿದೆ. ಸರಿ ಹಿಡಿ ಎನ್ನಲಿ, ನಿನ್ನ ಅಮ್ಮನ ಹಾಗೇ ನೀನೂ ಎನ್ನಲಿ, ಏನಾದರೂ ಒಂದು ಬೈಗುಳ ಬರಲಿ ಎಂದು ಕಾದೆ. ನನ್ನ ಕೈ ತಡೆದದ್ದಕ್ಕೆ ತಟ್ಟೆ ನಿಂತು, ಎಳೆಗಳು ಒಂದೇ ಕಡೆ ರಾಶಿಯಾದವು.

ಅತ್ತೆ ಹಿಡಿ ನಿಲ್ಲಿಸಿದಳು.

"ಕೈ ತೆಗಿ ಮಗಾ," ಎಂದಳು. "ಅದು ತನ್ನಷ್ಟಕ್ಕೇ ತಿರುಗ್ತದೆ."